ಬಲೂನಿನ ಹೊಟ್ಟೆಯಲ್ಲಿ ಅಭ್ಯರ್ಥಿಯ ಮುಖ

ಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರುವವರು ಬಣ್ಣದ ಬಗ್ಗೆ ಕೇಳುತ್ತಾರೆ, ಸಾಫ್ಟ್‌ವೇರ್ ಬಗ್ಗೆ ಕೇಳುತ್ತಾರೆ, ಕಾಗದದ ಬಗ್ಗೆಯೂ ಒಬ್ಬಿಬ್ಬರು ಕೇಳಿದ್ದುಂಟು. ರದ್ದಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಪ್ರೆಸ್ಸಿನಲ್ಲಿ ಮೊದಲು ಕಲಿಯಬೇಕಾದದ್ದು ರದ್ದಿಯನ್ನೇ. ಗಿರಾಕಿಯ ಕೈ ಸೇರುವ ಹಾಳೆಯನ್ನು ನಾಲ್ಕು ಜನ ಪರೀಕ್ಷಿಸಿರುತ್ತಾರೆ. ಎಸೆದ ಹಾಳೆಯನ್ನು ಯಾರೂ ನೋಡಿರುವುದಿಲ್ಲ, ಅದು ನಮ್ಮ ಬೆನ್ನ ಹಿಂದೆಯೇ ಗೇಟು ದಾಟಿ ಊರು ಸುತ್ತುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲಿ. ಧೈರ್ಯದ ಕಥೆ ಬೇಕಾದವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟ್ ಮಾಡುವ ವಿಭಾಗ ನೋಡಿಕೊಂಡು ನಿವೃತ್ತಳಾದವಳು ನಾನು. ಬಣ್ಣ ತಪ್ಪೀತೆಂದು ಹೆದರಿದ್ದೇನೆ, ಔಷಧಿ ಡಬ್ಬಿಯ ಮೇಲೆ ಒಂದು ಸೊನ್ನೆ ಹೆಚ್ಚಾದೀತೆಂದು ಹೆದರಿದ್ದೇನೆ, ವರ್ಕ್ ಪರ್ಮಿಟ್ ನವೀಕರಣಕ್ಕೆ ಹೋದಾಗಲೆಲ್ಲ ಬಾಯಿ ಒಣಗಿದೆ. ಆದರೆ ನಿಜವಾದ ಹೆದರಿಕೆ ಎಂದರೆ ಏನೆಂದು ತಿಳಿದದ್ದು ಒಂದೇ ಸಲ, ಅದೂ ಇನ್ನೂರು ವರ್ಷಕ್ಕೂ ಹಳೆಯ ಒಂದು ತಮಾಷೆಯ ಚಿತ್ರದಿಂದ.

ನಾನು ಮೈಸೂರಿನಲ್ಲಿ ಕೆಲಸ ಕಲಿತಾಗ ಫಿಲ್ಮ್ ಕಾಲ. ಬೆಳಕಿನ ಮೇಜಿನ ಮೇಲೆ ಬಗ್ಗಿ ಬಗ್ಗಿ ಬ್ಲೇಡಿನಿಂದ ಕೆರೆದು, ಟೇಪ್ ಹಚ್ಚಿ, ಸೊಂಟ ಮುರಿದುಕೊಳ್ಳುತ್ತಿದ್ದೆವು. ನಮ್ಮ ಮನೆಯವರಿಗೆ ನೈರೋಬಿಯ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿನ ಹೈರಿಡ್ಜ್ ಬಡಾವಣೆಗೆ ಹೋಗಿ ನೆಲೆಸಿದಾಗ ಅಲ್ಲೂ ಅದೇ ಮೇಜು, ಅದೇ ಬ್ಲೇಡು. ಆಮೇಲೆ ಕಂಪ್ಯೂಟರಿನಿಂದ ನೇರ ಪ್ಲೇಟಿಗೇ ಅಚ್ಚಿಳಿಸುವ ಯಂತ್ರ ಬಂತು. ಫಿಲ್ಮ್ ಹೋಯಿತು, ಸೊಂಟನೋವು ಉಳಿಯಿತು.

ಮಾಲೀಕರು ಬಾಬುಭಾಯಿ, ಮೂರು ತಲೆಮಾರಿನಿಂದ ಕೀನ್ಯಾದಲ್ಲೇ ಇದ್ದ ಗುಜರಾತಿ. ನನ್ನನ್ನು ಸುಮತಿಬೆನ್ ಎನ್ನುತ್ತಿದ್ದರು. ಒಳ್ಳೆಯವರು, ಆದರೆ ಬೈಗುಳದಲ್ಲಿ ಉದಾರಿ. ಅವರ ಬೈಗುಳವನ್ನು ನಾನು ಪೂರ್ತಿಯಾಗಿ ಅನುಭವಿಸಿದ್ದು ಮದುವೆ ಕಾರ್ಡುಗಳ ವಿಷಯದಲ್ಲಿ. ಚಿಕ್ಕ ಕೆಲಸಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಕೂರಿಸಿ ಅಚ್ಚು ಹಾಕಿ ಆಮೇಲೆ ಕತ್ತರಿಸುವುದು ನಮ್ಮ ವಾಡಿಕೆ. ಹಾಗೆ ಹೈರಿಡ್ಜಿನ ಎರಡು ಮನೆಗಳ ಕಾರ್ಡು ಒಂದೇ ಹಾಳೆಯಲ್ಲಿ ಕೂತಿದ್ದವು. ಕತ್ತರಿಸುವಾಗ ಒಳಹಾಳೆಗಳು ಅದಲುಬದಲಾಗಿ ಈ ಮನೆಯ ಹುಡುಗನಿಗೆ ಆ ಮನೆಯ ಹುಡುಗಿ ಗಂಟುಬಿದ್ದಳು. ಎರಡೂ ಮನೆಯವರು ಒಂದೇ ದೇವಸ್ಥಾನಕ್ಕೆ ಹೋಗುವವರು, ಆದರೆ ಎಷ್ಟೋ ವರ್ಷದಿಂದ ಮಾತು ಬಿಟ್ಟವರು. ಜಗಳವಾಡಲೆಂದು ಇಬ್ಬರೂ ಒಟ್ಟಿಗೆ ಪ್ರೆಸ್ಸಿಗೆ ಬಂದರು, ಹೋಗುವಾಗ ಒಂದೇ ಕಾರಿನಲ್ಲಿ ಹೋದರು. ಬೈಸಿಕೊಂಡವಳು ನಾನೊಬ್ಬಳೇ.

ನಮ್ಮ ಪ್ರೆಸ್ಸಿಗೆ ವರ್ಷಪೂರ್ತಿ ಅನ್ನ ಹಾಕುತ್ತಿದ್ದದ್ದು ಮದುವೆಯಲ್ಲ, ಸಾವು. ಅಲ್ಲಿ ಯಾರಾದರೂ ತೀರಿಕೊಂಡರೆ ಬಣ್ಣದ ಪುಟ್ಟ ಪುಸ್ತಕವೊಂದು ಅಚ್ಚಾಗಲೇಬೇಕು. ಸತ್ತವರ ಫೋಟೋ, ಹುಟ್ಟಿದ ಊರು, ಓದಿದ ಶಾಲೆ, ಹೆಂಡತಿ ಮಕ್ಕಳ ಹೆಸರು, ಹಾಡುವ ಸ್ತೋತ್ರ ಎಲ್ಲ ಅದರಲ್ಲಿರುತ್ತದೆ. ಅಂತ್ಯಕ್ರಿಯೆ ಸಾಮಾನ್ಯವಾಗಿ ಶನಿವಾರ, ಹುಟ್ಟೂರಿನಲ್ಲಿ. ಹಾಗಾಗಿ ಸೋಮವಾರದಿಂದ ಗುರುವಾರದವರೆಗೆ ನಾನು ಸತ್ತವರ ನಡುವೆಯೇ ಇರುತ್ತಿದ್ದೆ. ಆ ನಾಡಿನ ಹೆಸರುಗಳು, ಯಾವ ಹೆಸರು ಯಾವ ಕಡೆಯದು ಎನ್ನುವುದು ನನಗೆ ಶಾಲೆಯಲ್ಲಿ ಕಲಿತಷ್ಟು ಚೆನ್ನಾಗಿ ಗೊತ್ತಾಗಿತ್ತು.

ಹೆಸರಿನ ಮಾತು ಬಂತು. ನಮ್ಮ ದೊಡ್ಡ ಮೆಷಿನ್ ಓಡಿಸುತ್ತಿದ್ದವನು ಫ್ರಾನ್ಸಿಸ್. ಬಣ್ಣ ಹಿಡಿಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಜಿಪುಣ. ಅವನ ಎರಡನೇ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಎರಡನೇ ಹೆಸರು ಕೇಳಿದರೆ ಸಾಕು, ಮನುಷ್ಯ ಯಾವ ಕಡೆಯವನು, ಯಾರಿಗೆ ಓಟು ಹಾಕುತ್ತಾನೆ ಎಂದು ಎದುರಿಗಿದ್ದವರು ತೀರ್ಮಾನಿಸಿಬಿಡುತ್ತಾರೆ. ನಮ್ಮಲ್ಲಿ ಅಡ್ಡಹೆಸರು ಕೇಳಿ ಜಾತಿ ಹುಡುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೊಂದು ಚುನಾವಣೆಯ ನಂತರ ಊರು ಹೊತ್ತಿ ಉರಿದಾಗ ನಾನು ಮನೆಯ ಮಹಡಿಯಿಂದ ಹೊಗೆ ನೋಡಿದವಳು, ಫ್ರಾನ್ಸಿಸ್ ಆ ಹೊಗೆಯೊಳಗೆ ಇದ್ದವನು. ಅದರ ಬಗ್ಗೆಯಾಗಲಿ, ತನ್ನ ಹೆತ್ತವರ ಬಗ್ಗೆಯಾಗಲಿ ಅವನು ಯಾವತ್ತೂ ಮಾತಾಡಲಿಲ್ಲ.

ಈಗ ಬಲೂನಿಗೆ ಬರುತ್ತೇನೆ. ಮತ್ತೊಂದು ಚುನಾವಣೆ ಹತ್ತಿರವಾಗುತ್ತಿದ್ದ ಸಮಯ. ಸಿರಿವಂತರ ಬಡಾವಣೆಯಾದ ರುಂಡಾದಿಂದ ಒಬ್ಬ ಅಜ್ಜಿ, ಮಿಸೆಸ್ ಮಾರ್ಗರೇಟ್, ಡ್ರೈವರನ ಕೈಯಲ್ಲಿ ದೊಡ್ಡದೊಂದು ಚರ್ಮದ ಆಲ್ಬಮ್ ಹೊರಿಸಿಕೊಂಡು ಬಂದರು. ತೀರಿಹೋದ ಗಂಡ ಜೀವಮಾನವಿಡೀ ಕೂಡಿಟ್ಟಿದ್ದ ಹಳೆಯ ಅಚ್ಚುಚಿತ್ರಗಳು. ಮನುಷ್ಯ ಮೊದಲ ಬಾರಿಗೆ ಬಲೂನಿನಲ್ಲಿ ಆಕಾಶಕ್ಕೆ ಏರಿದ ಕಾಲದಲ್ಲಿ ಇಂಗ್ಲೆಂಡು, ಫ್ರಾನ್ಸುಗಳಲ್ಲಿ ಅಚ್ಚಾದ ವ್ಯಂಗ್ಯಚಿತ್ರಗಳು ಅವು. ಮಸಾಯಿ ಮಾರಾದಲ್ಲಿ ಪ್ರವಾಸಿಗಳನ್ನು ಬಲೂನಿನಲ್ಲಿ ಹಾರಿಸುವ ಲಾಡ್ಜೊಂದರ ಕೋಣೆಗಳಲ್ಲಿ ತೂಗುಹಾಕಲು ಅವುಗಳ ದೊಡ್ಡ ಪ್ರತಿಗಳು ಬೇಕಾಗಿದ್ದವು.

ಅವನ್ನು ಸ್ಕ್ಯಾನ್ ಮಾಡಿದ ದಿನಗಳು ನನ್ನ ಕೆಲಸದ ಅತ್ಯಂತ ಸಂತೋಷದ ದಿನಗಳು. ತಾಮ್ರದ ತಗಡಿನ ಮೇಲೆ ಕೂದಲೆಳೆಯ ಗೆರೆ ಕೊರೆದು ಅಚ್ಚು ತೆಗೆದು, ಆಮೇಲೆ ಒಂದೊಂದು ಹಾಳೆಗೂ ಕೈಯಿಂದ ಬಣ್ಣ ಹಚ್ಚಿದ್ದರು. ಒಂದರಲ್ಲಿ ಹೆಂಗಸರು ಬಲೂನಿನಷ್ಟು ದೊಡ್ಡ ಟೋಪಿ ಹಾಕಿಕೊಂಡಿದ್ದಾರೆ, ಕೇಶಾಲಂಕಾರ ಮಾಡುವವನು ಏಣಿ ಹತ್ತಿ ನಿಂತಿದ್ದಾನೆ. ಇನ್ನೊಂದರಲ್ಲಿ ಹಳ್ಳಿಗರು, ಆಕಾಶದಿಂದ ಬಿದ್ದ ಬಲೂನನ್ನು ರಾಕ್ಷಸನೆಂದು ತಿಳಿದು ಕವೆಗೋಲಿನಿಂದ ಚುಚ್ಚುತ್ತಿದ್ದಾರೆ. ಪಾದ್ರಿಯೊಬ್ಬ ದೂರದಿಂದಲೇ ತೀರ್ಥ ಎರಚುತ್ತಿದ್ದಾನೆ. ನನಗೆ ಬಹಳ ಇಷ್ಟವಾದದ್ದು ಮಂತ್ರಿಯ ಚಿತ್ರ. ರಾಜನ ಆಸ್ಥಾನದ ಒಬ್ಬ ಸ್ಥೂಲಕಾಯದ ಮಂತ್ರಿಯೇ ಬಲೂನು. ಹೊಗಳುಭಟ್ಟರು ಅವನ ಹಿಂಭಾಗಕ್ಕೆ ತಿದಿ ಹಚ್ಚಿ ಗಾಳಿ ಊದುತ್ತಿದ್ದಾರೆ. ಅವನ ಹೊಟ್ಟೆ ಉಬ್ಬಿ ಉಬ್ಬಿ ಮೋಡ ಮುಟ್ಟುತ್ತಿದೆ. ಕೆಳಗೆ ಜನ ಟೋಪಿ ಎಸೆದು ಜೈಕಾರ ಹಾಕುತ್ತಿದ್ದಾರೆ, ಒಬ್ಬನಿಗೂ ಕಾಲಲ್ಲಿ ಚಪ್ಪಲಿಯಿಲ್ಲ.

"ಇಂಥದ್ದನ್ನು ಅಚ್ಚು ಹಾಕಿದವರಿಗೆ ಹೆದರಿಕೆ ಆಗ್ತಿರ್ಲಿಲ್ವಾ?" ಎಂದು ಅಜ್ಜಿಯನ್ನು ಕೇಳಿದೆ.

"ಎಷ್ಟೋ ಚಿತ್ರಗಳ ಕೆಳಗೆ ಹೆಸರೇ ಇಲ್ಲ, ನೋಡಿ," ಎಂದರು ಆಕೆ. "ಹೆದರಿಕೆ ಇಲ್ಲದಿದ್ರೆ ಹೆಸರು ಯಾಕೆ ಮುಚ್ಚಿಡ್ತಿದ್ರು?"

ಕೈಬಣ್ಣದ ಆ ಮಾಸಲು ಗುಲಾಬಿಯನ್ನು ಮೆಷಿನ್ನಿನಲ್ಲಿ ಹಿಡಿಯಲು ಫ್ರಾನ್ಸಿಸ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಅಜ್ಜಿಯ ಕೆಲಸ ಮುಗಿಯುವ ಹೊತ್ತಿಗೆ ಬಣ್ಣ ಕೂಡದ ಹಾಳೆಗಳ ದೊಡ್ಡ ರಾಶಿಯೇ ಉಳಿದಿತ್ತು. ದಪ್ಪನೆಯ ಒಳ್ಳೆಯ ಕಾಗದ.

ಈ ಕೆಲಸಕ್ಕೆ ಹೊಸಬರಾದವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಯಾವುದೇ ಹೊಸ ಕೆಲಸ ಮೆಷಿನ್ನಿಗೆ ಹಾಕಿದಾಗ ಮೊದಲ ನೂರಾರು ಹಾಳೆ ಸರಿಯಾಗಿ ಬರುವುದಿಲ್ಲ. ಬಣ್ಣ ಹೆಚ್ಚುಕಡಿಮೆ, ಗೆರೆ ಆಚೀಚೆ. ಅದಕ್ಕೆ ಹೊಸ ಕಾಗದ ಹಾಳುಮಾಡುವವನು ಮೂರ್ಖ. ಹಿಂದಿನ ಕೆಲಸದ ರದ್ದಿ ಹಾಳೆಗಳನ್ನೇ ಮತ್ತೆ ಓಡಿಸುತ್ತೇವೆ. ಹಾಗಾಗಿ ಪ್ರೆಸ್ಸಿನ ರದ್ದಿಯಲ್ಲಿ ಸೋಪಿನ ಜಾಹೀರಾತಿನ ಮೇಲೆ ಏಸುಕ್ರಿಸ್ತ, ಅವನ ಮೇಲೆ ಕೋಳಿ ಆಹಾರದ ಚೀಲ, ಹೀಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಅದನ್ನು ನೋಡಿ ನಾವು ನಗುತ್ತಿದ್ದೆವು. ಹೊರಗೆ ಕಳಿಸುವ ಮುನ್ನ ತಪ್ಪದೆ ಚೂರು ಮಾಡುತ್ತಿದ್ದೆವು.

ಅಜ್ಜಿಯ ಕೆಲಸದ ಬೆನ್ನಿಗೇ ಚುನಾವಣೆಯ ಪೋಸ್ಟರುಗಳು ಬಂದವು. ಬಾಬುಭಾಯಿ ಎಲ್ಲ ಪಕ್ಷದವರಿಗೂ ಅಚ್ಚು ಹಾಕುತ್ತಿದ್ದರು. "ಸುಮತಿಬೆನ್, ನಮಗೆ ಕಣ್ಣಿಲ್ಲ, ಮೆಷಿನ್ ಮಾತ್ರ ಇದೆ" ಎನ್ನುವುದು ಅವರ ನೀತಿ. ಮೊದಲ ಪೋಸ್ಟರು ಒಬ್ಬ ದೊಡ್ಡ ಕುಳದ್ದು. ಅಂಥವರನ್ನೆಲ್ಲ ಅಲ್ಲಿ ಮ್ಹೇಶಿಮಿವಾ ಎನ್ನುತ್ತಾರೆ, ಮಾನ್ಯರು ಎಂದ ಹಾಗೆ. ಈ ಮಾನ್ಯರು ನೆಲದ ಮೇಲೆ ಓಡಾಡುತ್ತಲೇ ಇರಲಿಲ್ಲ, ಎಲ್ಲ ಪ್ರಚಾರವೂ ಹೆಲಿಕಾಪ್ಟರಿನಲ್ಲಿ. ಫ್ರಾನ್ಸಿಸ್ ಎಂದಿನಂತೆ ರದ್ದಿಯ ರಾಶಿಯಿಂದ ಹಾಳೆ ಎಳೆದು ಬಣ್ಣ ಕೂಡಿಸಿದ, ಆಮೇಲೆ ಹೊಸ ಕಾಗದ ಹಾಕಿ ಪೋಸ್ಟರು ಮುಗಿಸಿದ. ಆ ಗಡಿಬಿಡಿಯಲ್ಲಿ ಕತ್ತರಿಸುವ ಮೆಷಿನ್ ಖಾಲಿ ಇರಲಿಲ್ಲ. ರದ್ದಿಯವನು ಬಂದ. ದಪ್ಪ ಕಾಗದ ನೋಡಿ ಅವನಿಗೆ ಆಸೆಯಾಯಿತು, ಬಾಬುಭಾಯಿಗೆ ಜಾಗ ಖಾಲಿಯಾದರೆ ಸಾಕಾಗಿತ್ತು. ಹಾಳೆಗಳು ಇಡಿಯಾಗಿಯೇ ಹೋದವು.

ಕೆಲವು ದಿನಗಳ ನಂತರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮಗಳು ಫೋನ್ ಮುಂದೆ ಹಿಡಿದಳು. "ಅಮ್ಮಾ, ಯು ಹ್ಯಾವ್ ಟು ಸೀ ದಿಸ್! ಎವ್ರಿವನ್ ಈಸ್ ಶೇರಿಂಗ್ ಇಟ್." ಕನ್ನಡದಲ್ಲಿ ಬೈದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

ಅದು ಯಾವುದೋ ಕಿನ್ಯೋಜಿಯ ಗೋಡೆಯ ಫೋಟೋ. ರಸ್ತೆಬದಿಯ ತಗಡಿನ ಕ್ಷೌರದಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಅಂಗಡಿಯವನು ತಗಡಿನ ಗೋಡೆ ಚೆನ್ನಾಗಿ ಕಾಣಲೆಂದು ದಪ್ಪ ಹಾಳೆ ಅಂಟಿಸಿದ್ದ. ಹಾಳೆಯ ತುಂಬ ನನ್ನ ಪ್ರೀತಿಯ ಮಂತ್ರಿ. ಉಬ್ಬಿದ ಅವನ ಹೊಟ್ಟೆಯ ನಟ್ಟನಡುವೆ, ಅಳತೆ ಮಾಡಿ ಕೂರಿಸಿದರೂ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ ಎನ್ನುವ ಹಾಗೆ, ಮಾನ್ಯರ ನಗುಮುಖ. ಹಿಂದೆ ತಿದಿ ಊದುವವರು. ಕೆಳಗೆ ಬರಿಗಾಲಿನ ಜನ, ಅವರ ತಲೆಯ ಮೇಲೆ ಚುನಾವಣೆಯ ಘೋಷಣೆ.

ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು.

"ಏನಾಯ್ತೇ?" ಎಂದರು ಮನೆಯವರು.

"ರೀ, ಇದು ನಮ್ಮ ಪ್ರೆಸ್ಸಿಂದು."

ಅವರು ಫೋನ್ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಗಲಿಲ್ಲ. "ಸುಮಾ, ನಾಳೆಯಿಂದ ಹುಷಾರಿಲ್ಲ ಅಂತ ರಜಾ ಹಾಕ್ಬಿಡು. ಪರ್ಮಿಟ್ ರಿನ್ಯೂವಲ್ ಬೇರೆ ಪೆಂಡಿಂಗ್ ಇದೆ. ಇವರ ಪಾಲಿಟಿಕ್ಸಲ್ಲಿ ಸಿಕ್ಕಾಕ್ಕೊಂಡ್ರೆ ನಮ್ಮನ್ನ ಕೇಳೋರು ಯಾರು?"

"ನನ್ನದು ಬಿಡಿ. ಮೆಷಿನ್ ಓಡ್ಸಿದ್ದು ಫ್ರಾನ್ಸಿಸ್. ಅವನ ಹೆಸರು ಗೊತ್ತಾದ್ರೆ?"

ಮಾನ್ಯರು ಒಂದು ಕಡೆಯವರು, ಫ್ರಾನ್ಸಿಸ್ ಇನ್ನೊಂದು ಕಡೆಯವನು. ಬೇಕೆಂದೇ ಮಾಡಿದ ಎನ್ನಲು ಅಷ್ಟು ಸಾಕಾಗಿತ್ತು. ಹೆಂಡತಿ ಮಕ್ಕಳೊಂದಿಗೆ ಅವನಿದ್ದದ್ದು ಮಾನ್ಯರ ಕಡೆಯವರೇ ಹೆಚ್ಚಾಗಿದ್ದ ಕೇರಿಯಲ್ಲಿ.

ರಜೆ ಹಾಕುವಷ್ಟು ಧೈರ್ಯವೂ ನನಗಿರಲಿಲ್ಲ, ಮನೆಯಲ್ಲಿ ಒಬ್ಬಳೇ ಕೂತು ಹೆದರುವುದು ಇನ್ನೂ ಕಷ್ಟ. ಹಾಗಾಗಿ ಮರುದಿನ ಪ್ರೆಸ್ಸಿನಲ್ಲೇ ಇದ್ದೆ. ಮಧ್ಯಾಹ್ನ ನಾಲ್ಕು ಜನ ಬಂದರು. ಕೂಗಾಡಲಿಲ್ಲ, ಏನನ್ನೂ ಒಡೆಯಲಿಲ್ಲ. ಗೇಟಿನ ಕಾವಲುಗಾರ ಅವರನ್ನು ನೋಡಿದ ಕೂಡಲೇ ಕುರ್ಚಿ ಬಿಟ್ಟು ಎದ್ದು ನಿಂತ. ಅವರಲ್ಲಿ ಹಿರಿಯನಂತಿದ್ದವನು, ಮಾನ್ಯರ ಬಣ್ಣದ ಕ್ಯಾಪು ಹಾಕಿದ್ದವನು, ಬಾಬುಭಾಯಿಯ ಮೇಜಿನ ಮೇಲೆ ಫೋನ್ ಇಟ್ಟು ಚಿತ್ರ ತೋರಿಸಿದ. ಮಾತೆಲ್ಲ ಸ್ವಾಹಿಲಿಯಲ್ಲಿ, ತಗ್ಗಿದ ದನಿಯಲ್ಲಿ.

"ಇದು ನಿಮ್ಮಲ್ಲಿ ಆಗಿದ್ದು ಅಂತ ರದ್ದಿಯವನು ಹೇಳಿದ. ಮೆಷಿನ್ ಓಡಿಸಿದವನ ಹೆಸರು ಹೇಳಿ."

ನಾನು ರದ್ದಿಯ ಪದ್ಧತಿಯನ್ನು ವಿವರಿಸಲು ಹೋದೆ. ಮೂಲೆಯಲ್ಲಿದ್ದ ಹಾಳೆಗಳನ್ನು ತಂದು ತೋರಿಸಿದೆ: ಎದುರು ಪಕ್ಷದವನ ಮುಖದ ಮೇಲೆ ಬಿಸ್ಕತ್ತು, ಇನ್ನೊಬ್ಬನ ಮೂಗಿನ ಮೇಲೆ ಕೀಟನಾಶಕ. ಕ್ಯಾಪಿನವನು ನೋಡಿದ. ಅವನ ಜೊತೆಗಾರನೊಬ್ಬ ನಗಲು ಹೋಗಿ ತಡೆದುಕೊಂಡ.

"ಮೆಷಿನ್‌ಗೆ ಮುಖ ಗೊತ್ತಿಲ್ಲ, ಒಪ್ಪಿದೆ," ಎಂದ ಕ್ಯಾಪಿನವನು. "ಓಡಿಸಿದವನಿಗೆ ಗೊತ್ತಿರುತ್ತಲ್ಲ. ಹೆಸರು?"

"ಫ್ರಾನ್ಸಿಸ್," ಎಂದುಬಿಟ್ಟರು ಬಾಬುಭಾಯಿ.

"ಫ್ರಾನ್ಸಿಸ್ ಏನು?"

ಬಾಬುಭಾಯಿ ನನ್ನ ಕಡೆ ನೋಡಿದರು. ಮೇಜಿನ ತುದಿಯಲ್ಲಿ ಆ ವಾರದ ಒಂದು ಅಂತ್ಯಕ್ರಿಯೆಯ ಪುಸ್ತಕದ ಕಟ್ಟು ಗಿರಾಕಿಗಾಗಿ ಕಾಯುತ್ತಿತ್ತು. ಮೇಲಿನ ಪ್ರತಿಯಲ್ಲಿ ನಗುತ್ತಿದ್ದ ಮುದುಕ ಮಾನ್ಯರ ಕಡೆಯವನೇ. ನನ್ನ ಬಾಯಿಂದ ಆ ಮುದುಕನ ಕುಲದ ಹೆಸರು ಹೊರಬಿತ್ತು. ಫ್ರಾನ್ಸಿಸ್ ಎಂಬುದಕ್ಕೆ ಅದನ್ನು ಜೋಡಿಸಿ ಹೇಳಿದೆ. ಇದನ್ನು ಉಪಾಯ ಎಂದು ಯಾರೂ ಹೊಗಳಬೇಡಿ. ಮುಳುಗುವವರು ಹುಲ್ಲುಕಡ್ಡಿ ಹಿಡಿಯುತ್ತಾರಲ್ಲ, ಅಷ್ಟೇ.

ಕ್ಯಾಪಿನವನ ಹುಬ್ಬು ಏರಿತು. "ನಮ್ಮ ಹುಡುಗನಾ? ಕರೀರಿ."

ಫ್ರಾನ್ಸಿಸ್ ಕೈಯ ಮಸಿ ಒರೆಸಿಕೊಳ್ಳುತ್ತ ಬಂದ. ಅವನಿಗೆ ತಿಳಿಸುವುದು ಹೇಗೆ? ಕಟ್ಟಿನಿಂದ ಒಂದು ಪ್ರತಿ ತೆಗೆದು ಅವನ ಕೈಗಿಟ್ಟೆ. "ಫ್ರಾನ್ಸಿಸ್, ನಿಮ್ಮ ತಂದೆಯ ಪುಸ್ತಕ ರೆಡಿ ಇದೆ. ಇವತ್ತು ಹೋಗುವಾಗ ತಗೊಂಡು ಹೋಗು."

ಅವನು ಮುದುಕನ ಚಿತ್ರ ನೋಡಿದ, ಹೆಸರು ಓದಿದ, ನನ್ನನ್ನು ನೋಡಿದ, ಆಮೇಲೆ ಆ ನಾಲ್ವರ ಕ್ಯಾಪುಗಳನ್ನು. "ಆಯ್ತು ಮೇಡಂ," ಎಂದ.

ಕ್ಯಾಪಿನವನು ತಮ್ಮ ಭಾಷೆಯಲ್ಲಿ ಏನೋ ಕೇಳಿದ. ಫ್ರಾನ್ಸಿಸ್ ತಲೆ ತಗ್ಗಿಸಿ ಸ್ವಾಹಿಲಿಯಲ್ಲಿ, "ನಾನು ಹುಟ್ಟಿದ್ದು ಬೆಳೆದದ್ದು ನೈರೋಬೀಲೇ. ಅಪ್ಪನ ಭಾಷೆ ಸರಿಯಾಗಿ ಬರಲ್ಲ," ಎಂದ. ಅದನ್ನು ಕೇಳಿ ಕ್ಯಾಪಿನವನು ಒಂದು ನಿಟ್ಟುಸಿರು ಬಿಟ್ಟ. ಅವನಿಗೂ ನನ್ನ ಮಗಳಂಥ ಮಗಳೊಬ್ಬಳು ಇದ್ದಿರಬೇಕು. ಊರು ಯಾವುದೆಂದು ಕೇಳಿದಾಗ ಫ್ರಾನ್ಸಿಸ್ ತಡವರಿಸಲಿಲ್ಲ. ಆ ಪುಸ್ತಕವನ್ನು ಅಚ್ಚು ಹಾಕಿದವನು ಅವನೇ ತಾನೆ, ಊರು, ಇಗರ್ಜಿ, ಮುದುಕ ಕೆಲಸ ಮಾಡಿದ್ದ ಚಹಾ ಕಾರ್ಖಾನೆ ಎಲ್ಲ ಹೇಳಿದ.

ಕ್ಯಾಪಿನವನು ಕ್ಯಾಪು ತೆಗೆದ. "ಪೋಲೆ ಸಾನಾ," ಎಂದು ಅವನ ಕೈ ಹಿಡಿದು ದುಃಖ ಹಂಚಿಕೊಂಡ. ಆಮೇಲೆ ಬಾಬುಭಾಯಿಯ ಕಡೆ ತಿರುಗಿ, "ಅಪ್ಪ ಸತ್ತ ತಲೆಬಿಸಿಯಲ್ಲಿ ಆದ ತಪ್ಪು. ನಮ್ಮ ಹುಡುಗ ಬೇಕಂತ ಮಾಡ್ತಾನಾ?" ಎಂದ. ಹಾಳೆ ಅದೇ, ಕೈ ಅದೇ, ಒಂದು ಹೆಸರು ಬದಲಾದದ್ದಕ್ಕೆ ದ್ರೋಹ ಹೋಗಿ ಕೈತಪ್ಪಾಯಿತು. ಉಳಿದ ಬಲೂನಿನ ಹಾಳೆಗಳನ್ನೆಲ್ಲ ಅಂಗಳದಲ್ಲಿ ಸುಡಿಸಿದರು. ಕಿನ್ಯೋಜಿಯ ಗೋಡೆಗೆ ಅವರೇ ಹೋಗಿ ಬಣ್ಣ ಬಳಿದರಂತೆ.

ಹೊರಡುವಾಗ ಕ್ಯಾಪಿನವನು ತಿರುಗಿ ನಿಂತ. "ಶನಿವಾರ ಅಲ್ವಾ ಮಣ್ಣು? ಮ್ಹೇಶಿಮಿವಾ ಅವತ್ತು ಆ ಕಡೆಗೇ ಹೋಗ್ತಿದ್ದಾರೆ. ನಿಮ್ಮಪ್ಪನಿಗೆ ಗೌರವ ಸಲ್ಲಿಸೋಕೆ ಇಳಿಯೋದಕ್ಕೆ ಹೇಳ್ತೀನಿ. ನೀನು ಅವರ ಪಕ್ಕದಲ್ಲೇ ನಿಂತ್ಕೋಬೇಕು."

ಅಲ್ಲಿನ ರಾಜಕಾರಣಿಗಳು ಚುನಾವಣೆ ಹತ್ತಿರವಾದಾಗ ಒಂದು ಸಾವನ್ನೂ ಬಿಡುವುದಿಲ್ಲ. ಸಭೆಗೆ ಜನ ಸೇರಿಸುವ ಖರ್ಚಿಲ್ಲದೆ ಜನ ಸಿಗುವುದು ಮಣ್ಣಿನಲ್ಲಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ. ಅವರು ಹೋದ ಮೇಲೆ ಫ್ರಾನ್ಸಿಸ್ ಕಾಗದದ ಕಟ್ಟಿನ ಮೇಲೆ ಕುಸಿದು ಕೂತ. "ಮೇಡಂ, ಇವತ್ತಿನವರೆಗೆ ನಾನು ತಪ್ಪಿಸ್ಕೊಂಡು ಓಡಬಹುದಿತ್ತು," ಎಂದ. "ಈಗ ಓಡಿದ್ರೂ ಹುಡುಕ್ತಾರೆ." ನನಗೆ ಅಳು ಬಂತು. ಅವನನ್ನು ಉಳಿಸಲು ಹೋಗಿ ಬಾಣಲೆಯಿಂದ ಬೆಂಕಿಗೆ ಹಾಕಿದ್ದೆ.

ಪುಸ್ತಕ ಮಾಡಿಸಿದ್ದು ಆ ಮುದುಕನ ಮಗಳು ಗ್ರೇಸ್. ಸಂಜೆ ಫ್ರಾನ್ಸಿಸನನ್ನು ಕರೆದುಕೊಂಡು ನೈರೋಬಿಯಲ್ಲೇ ಇದ್ದ ಅವಳ ಮನೆಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಮನೆಯವರಿಗೆ ಫೋನ್ ಮಾಡಿ ಹೇಳಿದೆ, ಬೈಗುಳ ಕೇಳಲು ಸಿದ್ಧಳಾಗಿದ್ದೆ. ಅವರು, "ಮಟಾಟು ವ್ಯಾನಲ್ಲಿ ಹೋಗ್ಬೇಡ, ನಾನೇ ಕಾರ್ ತರ್ತೀನಿ," ಎಂದರು.

ಮನೆಯ ಕೋಣೆಯಲ್ಲಿ ಬಂಧುಗಳು ಪ್ರಾರ್ಥನೆಗೆ ಸೇರಿದ್ದರು. ಗ್ರೇಸ್‌ಳ ತಾಯಿಯನ್ನು ಎಲ್ಲರೂ ಮಾಮಾ ಗ್ರೇಸ್ ಎನ್ನುತ್ತಿದ್ದರು, ಅಲ್ಲಿ ತಾಯಂದಿರಿಗೆ ಮೊದಲ ಮಗುವಿನ ಹೆಸರೇ ಹೆಸರು. ನಿವೃತ್ತ ಶಾಲಾಶಿಕ್ಷಕಿ, ದಪ್ಪ ಕನ್ನಡಕ. ಆಕೆ ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಎಲ್ಲ ಹೇಳಿದೆ. ಫ್ರಾನ್ಸಿಸ್ ತನ್ನ ನಿಜವಾದ ಎರಡನೇ ಹೆಸರನ್ನೂ ಹೇಳಿದ. ಆ ಮನೆಯಲ್ಲಿ, ಅಷ್ಟು ಜನ ಆಚೆ ಕೂತಿರುವಾಗ ಅದನ್ನು ಹೇಳಿದ್ದು ಕೇಳಿ ನಾನು ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿದೆ.

ಗ್ರೇಸ್ ಸಿಡಿದೆದ್ದಳು. "ಊರವರಿಗೆ ನಮ್ಮ ಮನೆ ಮಕ್ಕಳು ಯಾರ್ಯಾರು ಅಂತ ಗೊತ್ತಿಲ್ವಾ? ಇದ್ದಕ್ಕಿದ್ದ ಹಾಗೆ ಇನ್ನೊಬ್ಬ ಮಗ ಬಂದು ನಿಂತ್ರೆ ಅಪ್ಪನಿಗೆ ನೈರೋಬೀಲಿ ಇನ್ನೊಂದು ಸಂಸಾರ ಇತ್ತು ಅಂತಾರೆ. ಅಮ್ಮಾ, ಇವರಿಗೆ ಹೋಗೋದಕ್ಕೆ ಹೇಳು."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಣ್ಣಿನ ದಿನ ಯಾರಿಗೂ ಗೊತ್ತಿಲ್ಲದ ಮಕ್ಕಳು ಬಂದು ನಿಲ್ಲುವುದು ಅಲ್ಲಿ ಎಲ್ಲ ಹೆಂಡತಿಯರ ದುಃಸ್ವಪ್ನ. ನಾನು ಎದ್ದು ನಿಂತೆ. ಮಾಮಾ ಗ್ರೇಸ್ ಮಾತ್ರ ಫ್ರಾನ್ಸಿಸನನ್ನೇ ನೋಡುತ್ತಿದ್ದರು.

"ಕೂತ್ಕೊಳ್ಳಿ," ಎಂದರು. "ಜನ ಅಂದ್ಕೊಳ್ಳಲಿ. ಇನ್ನೊಂದು ಸಂಸಾರ ಮಾಡೋವಷ್ಟು ಧೈರ್ಯ ಅವನಿಗೆ ಎಲ್ಲಿತ್ತು? ನನ್ನ ಕೈಲಿ ಚಹಾ ಕೇಳೋಕೇ ಹೆದರ್ತಿದ್ದ. ಬದುಕಿದ್ದಾಗ 'ನನ್ನ ಹೆಸರು, ನನ್ನ ಹೆಸರು' ಅಂತ ಕುಣಿದಿದ್ದೇ ಬಂತು, ಯಾರಿಗೂ ಅದರಿಂದ ಪ್ರಯೋಜನ ಆಗ್ಲಿಲ್ಲ. ಸತ್ತಮೇಲಾದ್ರೂ ಆಗ್ಲಿ." ಆಮೇಲೆ ಟೀಚರಿನ ದನಿಯಲ್ಲಿ ನನಗೆ, "ಆ ಪುಸ್ತಕದಲ್ಲಿ ಮಕ್ಕಳ ಹೆಸರು ಇರೋ ಪುಟ ಬೇರೆ ಅಚ್ಚು ಹಾಕಿ. ಇವನನ್ನ ಕೊನೇಲಿ ಸೇರಿಸಿ," ಎಂದರು.

"ಮಾಮಾ, ನಿಮ್ಮ ಭಾಷೆ ನಂಗೆ ಬರಲ್ಲ," ಎಂದ ಫ್ರಾನ್ಸಿಸ್.

"ಅಪ್ಪನ್ನ ಕಳ್ಕೊಂಡವನು ಮಾತಾಡ್ಬೇಕಾಗಿಲ್ಲ. ಸುಮ್ನೆ ನಿಂತಿರು."

ಆ ಪುಟಕ್ಕೆ ಪ್ಲೇಟ್ ಮಾಡಿದವಳು ನಾನು, ಅಚ್ಚು ಹಾಕಿದವನು ಫ್ರಾನ್ಸಿಸ್. ಒಂದು ರದ್ದಿ ಹಾಳೆಯೂ ಉಳಿಯದಂತೆ ನಾನೇ ನಿಂತು ಚೂರು ಮಾಡಿಸಿದೆ.

ಶನಿವಾರ ನಾನೂ ಮನೆಯವರೂ ಹೋದೆವು. ಹೋಗದಿದ್ದರೆ ಸಂಶಯ ಬಂದೀತೆಂಬ ಹೆದರಿಕೆ. ಕೆಂಪು ಮಣ್ಣಿನ ಗುಡ್ಡ, ಮುಸುಕಿನ ಜೋಳದ ಹೊಲ, ಬಿಳಿ ಡೇರೆಗಳು. ಫ್ರಾನ್ಸಿಸ್ ಮಕ್ಕಳ ಸಾಲಿನ ಕೊನೆಯಲ್ಲಿ ಎರವಲು ಕೋಟು ಹಾಕಿಕೊಂಡು ನಿಂತಿದ್ದ. ಪುಸ್ತಕದ ಪುಟ ತಿರುವಿದ ಹೆಂಗಸರು ಅವನ ಕಡೆ ನೋಡಿ, ಮಾಮಾ ಗ್ರೇಸ್ ಕಡೆ ನೋಡಿ, ನಾಲಿಗೆ ಲೊಚಗುಟ್ಟುತ್ತಿದ್ದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು ನೆಟ್ಟಗೆ ಕೂತಿದ್ದರು.

ಸ್ತೋತ್ರದ ನಡುವೆ ಆಕಾಶದಲ್ಲಿ ಸದ್ದು ಕೇಳಿತು. ಹೆಲಿಕಾಪ್ಟರು ಜೋಳದ ತೆನೆಗಳನ್ನು ಮಲಗಿಸುತ್ತ ಹೊಲದಲ್ಲಿಳಿಯಿತು. ಧೂಳೆದ್ದು ಪಾದ್ರಿಯ ನಿಲುವಂಗಿ ತಲೆಗೆ ಸುತ್ತಿಕೊಂಡಿತು, ಡೇರೆಯೊಂದು ಕಿತ್ತು ಹೋಯಿತು, ಹೂವಿನ ಹಾರಗಳು ಶವಪೆಟ್ಟಿಗೆಯಿಂದ ಹಾರಿ ಹಸುಗಳ ಮುಂದೆ ಬಿದ್ದವು. ಧೂಳಿನೊಳಗಿಂದ ಕೈಬೀಸುತ್ತ ಮಾನ್ಯರು ಬಂದರು. ಜನ ಅಳು ನಿಲ್ಲಿಸಿ ಜೈಕಾರ ಹಾಕಿದರು. ಅಜ್ಜಿಯ ಆಲ್ಬಮ್ಮಿನಲ್ಲಿ ಇದಕ್ಕೊಂದು ಪುಟ ಖಾಲಿ ಇರಬೇಕಿತ್ತು ಎನ್ನಿಸಿತು. ನಗು ಬರಲಿಲ್ಲ.

ಮಾನ್ಯರು ಮುದುಕನ ಬಗ್ಗೆ ಒಂದು ಮಾತು, ರಸ್ತೆಯ ಬಗ್ಗೆ ಹತ್ತು ಮಾತು ಆಡಿದರು. ಕ್ಯಾಪಿನವನು ಅವರ ಕಿವಿಯಲ್ಲಿ ಏನೋ ಹೇಳಿದ. "ಹೌದಾ! ಪ್ರೆಸ್ಸಿನಲ್ಲಿ ಕೆಲಸ ಮಾಡೋ ಮಗ ಎಲ್ಲಿ?" ಎಂದು ಮೈಕಿನಲ್ಲಿ ಕೇಳಿದರು ಮಾನ್ಯರು.

ಸತ್ತವನ ಅಣ್ಣನಂತಿದ್ದ ಹಣ್ಣುಹಣ್ಣು ಮುದುಕನೊಬ್ಬ ಕೋಲೂರಿ ಎದ್ದು, "ಯಾವ ಮಗ? ನನ್ನ ತಮ್ಮನಿಗೆ..." ಎಂದು ಶುರುಮಾಡಿದ. ಮನೆಯವರು ನನ್ನ ತೋಳು ಹಿಡಿದುಕೊಂಡರು.

ಮಾಮಾ ಗ್ರೇಸ್ ಎದ್ದರು. ಮುದುಕನನ್ನು ಭುಜ ಹಿಡಿದು ಕೂರಿಸಿದರು. ಸಾಲಿನ ಕೊನೆಯವರೆಗೆ ನಡೆದು ಹೋಗಿ ಫ್ರಾನ್ಸಿಸನ ಕೈ ಹಿಡಿದು ಮುಂದೆ ತಂದರು. ಊರಿಗೆಲ್ಲ ಕೇಳುವಂತೆ, "ಇವನು ನನ್ನ ಗಂಡನ ಮಗ. ನಾನು ಒಪ್ಪಿಕೊಂಡಿದ್ದೀನಿ. ಇನ್ನು ಯಾರದ್ದಾದ್ರೂ ಪ್ರಶ್ನೆ ಇದೆಯಾ?" ಎಂದರು.

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು, ಆಮೇಲೆ ಅಡಗಿತು. ಮಾನ್ಯರು ಫ್ರಾನ್ಸಿಸನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡು, ಇನ್ನೊಂದು ಮಣ್ಣಿಗೆ ಹೊತ್ತಾಯಿತೆಂದು ಹಾರಿಹೋದರು. ಮೊದಲ ಹಿಡಿ ಮಣ್ಣನ್ನು ಗ್ರೇಸ್ ಹಾಕಿದಳು. ಎರಡನೆಯದನ್ನು ಅವಳೇ ಫ್ರಾನ್ಸಿಸನ ಕೈಗೆ ಕೊಟ್ಟಳು.

ಚುನಾವಣೆ ನಡೆಯಿತು. ಫಲಿತಾಂಶ ಬಂದ ದಿನ ಅಂಗಡಿಗಳೆಲ್ಲ ಮುಚ್ಚಿದ್ದವು. ನಾವು ಗೇಟಿಗೆ ಎರಡು ಬೀಗ ಹಾಕಿಕೊಂಡು ಒಳಗೆ ಕೂತಿದ್ದೆವು. ಎಲ್ಲೋ ಟೈರು ಸುಡುತ್ತಿದ್ದಾರೆ, ಎಲ್ಲೋ ಹೆಸರು ಕೇಳಿ ಜನರನ್ನು ಮಟಾಟುವಿನಿಂದ ಇಳಿಸುತ್ತಿದ್ದಾರೆ ಎಂದು ಸುದ್ದಿ ಬರುತ್ತಿತ್ತು. ನಿಜವೋ ಸುಳ್ಳೋ ತಿಳಿಯುವಂತಿರಲಿಲ್ಲ. ನಾನು ಫ್ರಾನ್ಸಿಸನಿಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ, ಮತ್ತೆ ಎಂಗೇಜ್. ನಾನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರೆ ಮನೆಯವರು, "ಎಂಗೇಜ್ ಬರ್ತಿದೆ ಅಂದ್ರೆ ಮಾತಾಡ್ತಿದ್ದಾನೆ ಅಂತ ಅರ್ಥ ಕಣೇ, ಕೂತ್ಕೋ," ಎಂದು ಸಮಾಧಾನ ಹೇಳಿದರು. ಕೊನೆಗೂ ಅವನೇ ವಾಪಸು ಕರೆ ಮಾಡಿದ.

"ಎಲ್ಲಿದ್ದೀಯೋ? ಯಾರ ಹತ್ರ ಅಷ್ಟು ಹೊತ್ತು ಮಾತು?"

"ಅಮ್ಮ ಫೋನ್ ಮಾಡಿದ್ರು ಮೇಡಂ. ಬೆಳಿಗ್ಗೆಯಿಂದ ಇದು ಮೂರನೇ ಸಲ. ಮನೇಲಿ ಹಿಟ್ಟು ಇದೆಯಾ, ಬಾಗಿಲು ಹಾಕಿದ್ದೀಯಾ ಅಂತ ಕೇಳ್ತಾರೆ. ನನ್ನನ್ನ, ಹೆಂಡತಿ ಮಕ್ಕಳನ್ನ ಅವರ ಮನೆಗೆ ಕರ್ಕೊಂಡು ಹೋಗೋದಕ್ಕೆ ಗ್ರೇಸನ್ನೇ ಕಾರಲ್ಲಿ ಕಳಿಸಿದ್ದಾರೆ. ಹೊರಡ್ತಿದ್ದೀನಿ."

"ಯಾವ ಅಮ್ಮ?" ಎಂದುಬಿಟ್ಟೆ. ಅಷ್ಟು ಗಾಬರಿಯಲ್ಲಿದ್ದೆ.

"ನಂಗಿರೋದು ಒಬ್ಬರೇ, ಮೇಡಂ," ಎಂದ.